ಕೆಗ್ ಬಿಯರ್ ನೊರೆಯಾಗದಂತೆ ಸುರಿಯುವುದು: ನನ್ನ ಅನುಭವ

ಗೆಳೆಯರ ಪಾರ್ಟಿಗಳಲ್ಲಿ ಕೆಗ್ (ಬಿಯರ್ ತುಂಬಿದ ಲೋಹದ ಪೀಪಾಯಿ) ನೋಡಿಕೊಳ್ಳುವ ಕೆಲಸ ಯಾವಾಗಲೂ ನನ್ನ ತಲೆಗೇ ಬರುತ್ತದೆ. ಗ್ಲಾಸಿನಲ್ಲಿ ಮುಕ್ಕಾಲು ಭಾಗ ನೊರೆ ಕಂಡ ಕೂಡಲೇ ಸುತ್ತ ನಿಂತವರೆಲ್ಲ ಕೊಡುವ ಸಲಹೆ ಒಂದೇ: ‘ಪ್ರೆಶರ್ ಕಮ್ಮಿ ಮಾಡು.’ ನಾನು ಒತ್ತಡ ಹೊಂದಿಸುವ ರೆಗ್ಯುಲೇಟರ್ ಮುಟ್ಟುವುದಿಲ್ಲ. ಪ್ರೆಶರ್ ಇಳಿಸಿದರೆ ಬಿಯರಿನಲ್ಲಿ ಕರಗಿರುವ ಕಾರ್ಬನ್ ಡೈಆಕ್ಸೈಡ್ ಪೈಪಿನಲ್ಲೇ ಗುಳ್ಳೆ ಕಟ್ಟುತ್ತದೆ, ನೊರೆ ಇನ್ನೂ ಜಾಸ್ತಿಯಾಗುತ್ತದೆ. ಮೊದಲು ನೋಡಬೇಕಾದ್ದು ಬಿಯರ್ ಎಷ್ಟು ತಣ್ಣಗಿದೆ ಅಂತ.

ಇಲ್ಲಿ ಕೈಗೆ ಮೋಸವಾಗುತ್ತದೆ. ಕೆಗ್ಗಿನ ಹೊರಮೈ ಕೊರೆಯುತ್ತಿದ್ದರೂ ನಟ್ಟನಡುವಿನ ಬಿಯರ್ ಬೆಚ್ಚಗೇ ಇರಬಹುದು. ಅದಕ್ಕೇ ಮೊದಲ ಗ್ಲಾಸ್ ಚೆಲ್ಲಿ, ಎರಡನೆಯದರಲ್ಲಿ ಥರ್ಮಾಮೀಟರ್ ಅದ್ದುತ್ತೇನೆ. 3ರಿಂದ 4 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ಸರಿ. 8–10 ಇದ್ದರೆ ಯಾವ ಕೈಚಳಕವೂ ನಡೆಯುವುದಿಲ್ಲ. 50 ಲೀಟರಿನ ಕೆಗ್ಗನ್ನು ಹಿಂದಿನ ದಿನವೇ ತಂದು ತಣ್ಣಗಿಡುತ್ತೇನೆ. ಸಾಗಿಸುವಾಗ ಕುಲುಕಾಡಿದ್ದು ಅಷ್ಟರಲ್ಲಿ ಸುಮ್ಮನಾಗುತ್ತದೆ. ಟಬ್ಬಿನಲ್ಲಿಟ್ಟರೆ ಐಸಿನ ಜೊತೆ ನೀರನ್ನೂ ಸುರಿಯುತ್ತೇನೆ. ಬರೀ ಐಸ್ ಗಡ್ಡೆಗಳ ನಡುವೆ ಗಾಳಿ ಉಳಿಯುತ್ತದೆ, ನೀರಾದರೆ ಕೆಗ್ಗಿಗೆ ಸುತ್ತಲೂ ತಾಗುತ್ತದೆ. ಒಳಗಿನ ಕೊಳವೆ ಬಿಯರ್ ಎಳೆಯುವುದು ತಳದಿಂದ, ಆದ್ದರಿಂದ ತಳಕ್ಕೇ ಮೊದಲ ಮರ್ಯಾದೆ.

ಬಿಯರನ್ನು ಹೊರದೂಡಲು ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇದ್ದರೆ ಒತ್ತಡವನ್ನು 10–12 ಪಿಎಸ್‌ಐಗೆ ಇಟ್ಟು, ಕೆಗ್ಗಿನಿಂದ ಟ್ಯಾಪಿಗೆ ಸುಮಾರು 5 ಮಿಲಿಮೀಟರ್ ಒಳವ್ಯಾಸದ ಪೈಪ್ ಮೂರು ಮೀಟರಿನಷ್ಟು ಹಾಕುತ್ತೇನೆ. ಪೈಪ್ ಗಿಡ್ಡವಾದರೆ ಬಿಯರ್ ಟ್ಯಾಪಿನಿಂದ ಚಿಮ್ಮುತ್ತದೆ. ಜಾಗ ಉಳಿಸಲು ಅದನ್ನು ಕತ್ತರಿಸುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಸಿಲಿಂಡರ್ ಬದಲು ಕೆಗ್ಗಿನ ಮೇಲೆ ಕೂರಿಸುವ ಕೈಪಂಪಿನ ಕಥೆಯೇ ಬೇರೆ. ಹೊಸ ಕೆಗ್ಗಿನಲ್ಲಿ ಬಿಯರನ್ನು ಹೊರದೂಡುವಷ್ಟು ಒತ್ತಡ ಮೊದಲೇ ಇರುತ್ತದೆ, ಆದರೂ ಬಂದವರೆಲ್ಲ ಹುರುಪಿನಲ್ಲಿ ಪಂಪ್ ಒತ್ತುತ್ತಾರೆ. ನಾನು ಹಿಡಿಯನ್ನು ಯಾರ ಕೈಗೂ ಕೊಡುವುದಿಲ್ಲ. ಧಾರೆ ಸಣ್ಣಗಾದಾಗ ಮಾತ್ರ ನಾಲ್ಕೈದು ಸಲ ಒತ್ತಿದರಾಯಿತು. ಪಂಪ್ ಒಳಗೆ ತಳ್ಳುವುದು ಗಾಳಿ, ಅದರಲ್ಲಿನ ಆಮ್ಲಜನಕದಿಂದ ರುಚಿ ಬೇಗ ಕೆಡುತ್ತದೆ. ಹಾಗಾಗಿ ಆ ಕೆಗ್ಗನ್ನು ಅಂದೇ ಮುಗಿಸಬೇಕು. (ಅದಕ್ಕೆ ಜನರ ಕೊರತೆ ಯಾವತ್ತೂ ಆಗಿಲ್ಲ.)

ಸುರಿಯುವಾಗ ಟ್ಯಾಪನ್ನು ಒಂದೇ ಏಟಿಗೆ ಪೂರ್ತಿ ತೆರೆಯಬೇಕು. ಹೆದರಿ ಅರ್ಧ ತೆರೆದರೆ ಇಕ್ಕಟ್ಟಿನಲ್ಲಿ ನುಗ್ಗುವ ಬಿಯರ್ ಅಲ್ಲೇ ನೊರೆಯಾಗುತ್ತದೆ. ಗ್ಲಾಸನ್ನು ಓರೆಯಾಗಿ ಹಿಡಿದು ಧಾರೆಯನ್ನು ಒಳಗೋಡೆಗೆ ಬಿಟ್ಟು, ಮುಕ್ಕಾಲು ತುಂಬಿದಾಗ ನೆಟ್ಟಗೆ ಮಾಡಿದರೆ ಮೇಲೆ ಎರಡು ಬೆರಳಿನಷ್ಟು ನೊರೆ ನಿಲ್ಲುತ್ತದೆ. ಅಷ್ಟು ಇರಲೇಬೇಕು, ಪರಿಮಳ ಅದರಲ್ಲೇ ಇರುವುದು. ಫ್ರೀಜರಿನಿಂದ ತೆಗೆದ ಮಂಜುಗಟ್ಟಿದ ಗ್ಲಾಸ್ ನೋಡಲು ಚೆಂದ, ಆದರೆ ಆ ಐಸಿನ ಹರಳುಗಳೂ ನೊರೆ ಎಬ್ಬಿಸುತ್ತವೆ. ನಾನು ತಣ್ಣೀರಿನಲ್ಲಿ ಗ್ಲಾಸ್ ಜಾಲಾಡಿಸಿ ಹಾಗೇ ಬಳಸುತ್ತೇನೆ.