ಉಗುರಿನ ಕಪ್ಪು ಕಲೆ ಹಿಡಿದು ಗೆದ್ದ ಅಪೀಲು

200 ರೂಪಾಯಿ ದಂಡಕ್ಕೆ ಯಾರಾದರೂ ಅಪೀಲು ಹಾಕ್ತಾರಾ ಅಂತ ವಕೀಲರ ಸಂಘದ ಹಿರಿಯರೇ ಕೇಳಿದ್ದರು. ಹಾಕಿದೆ, ಗೆದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) ಇದ್ದ ಕಾಲದ ಮಾತು. ಬೆಂಗಳೂರಿನ ಒಂದು ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಾಕ್ಷಿಯ ಪಾಟೀಸವಾಲು ನಡೆಯುವಾಗ ನನ್ನ ಕಕ್ಷಿದಾರ ಜೋರಾಗಿ ಕೂಗಿ ಬೈದುಬಿಟ್ಟಿದ್ದ. ಕೋರ್ಟಿನ ಎದುರೇ ಅಡ್ಡಿ ಮಾಡಿದವರನ್ನು ಅಲ್ಲೇ ಶಿಕ್ಷಿಸಲು ಇದ್ದ ಕಲಂ 345ರಲ್ಲಿ ಅಂದೇ ದಂಡ ಬಿತ್ತು. "ಸಾರ್, ಬಾಗಿಲಿಗೆ ಬೆರಳು ಸಿಕ್ಕಿತ್ತು, ಪ್ರಾಣ ಹೋದಂಗಾಯ್ತು" ಅಂತ ಆಮೇಲೆ ನನ್ನ ಮುಂದೆ ಅತ್ತ. ಅವನ ಮೇಲಿದ್ದ ಅಪರಾಧ ಆಗಿನ ಐಪಿಸಿ (ಭಾರತೀಯ ದಂಡ ಸಂಹಿತೆ) 228, ಅಂದರೆ ಕೋರ್ಟಿನ ಕೆಲಸಕ್ಕೆ ಅಡ್ಡಿ; ಅದಕ್ಕೆ ಬೇಕಂತಲೇ ಮಾಡಿದ ಅಡ್ಡಿ ಬೇಕಿತ್ತು. ನೋವಿಗೆ ಚೀರಿದ್ದು ಹಾಗಾಗಲ್ಲ ಅಲ್ವಾ?

ಆದರೆ ಗಾಯಕ್ಕೆ ದಾಖಲೆ ಎಲ್ಲಿ? ಆ ಸಂಜೆಯ ಕ್ಲಿನಿಕ್ ಚೀಟಿಯಲ್ಲಿ "ಬೆರಳು ನೋವು" ಅಂತಷ್ಟೇ ಇತ್ತು. ಎಂಎಲ್‌ಸಿ (ಪೊಲೀಸರಿಗೆ ತಿಳಿಸಿ ಆಸ್ಪತ್ರೆ ಮಾಡುವ ಗಾಯದ ದಾಖಲೆ) ಆಗಿರಲಿಲ್ಲ. ನನ್ನ ಹತ್ತಿರ ಬಂದಾಗಲೇ ಸುಮಾರು ಇಪ್ಪತ್ತು ದಿನ ಕಳೆದಿತ್ತು. ಎಕ್ಸ್‌ರೇಯಲ್ಲಿ ತುದಿ ಮೂಳೆಯ ಬಿರುಕು ಕಂಡಿತು, ಯಾವತ್ತಿನದು ಅಂತ ಅದು ಹೇಳಲಿಲ್ಲ.

ಆಗ ಉಗುರು ನೋಡಿದೆ. ಬುಡದಿಂದ ಎರಡು ಮಿಲಿಮೀಟರ್‌ನಷ್ಟು ಹೊಸ ಉಗುರು, ಅದರಾಚೆ ಹುಣಸೆಬೀಜದ ಬಣ್ಣದ ರಕ್ತದ ಕಲೆ. ಕೈ ಉಗುರು ತಿಂಗಳಿಗೆ ಹೆಚ್ಚುಕಮ್ಮಿ ಮೂರು ಮಿಲಿಮೀಟರ್ ಬೆಳೆಯುತ್ತದೆ, ಕಲೆಯೂ ಮುಂದೆ ಸರಿಯುತ್ತದೆ. ವಾರವಾರ ಫೋಟೋ ತೆಗೆದೆ. ಮೊದಲ ಎರಡು ವಾರ ಪಕ್ಕದಲ್ಲಿ ಸ್ಕೇಲ್ ಇಟ್ಟಿರಲಿಲ್ಲ, ಅವೆಲ್ಲ ವ್ಯರ್ಥ. ಅವೆನ್ಯೂ ರಸ್ತೆಯಲ್ಲಿ ಸ್ಟೀಲ್ ಸ್ಕೇಲ್ ತಂದು ಮತ್ತೆ ಶುರು ಮಾಡಿದೆ. ನನ್ನ ಉಗುರಿಗೂ ಅರದಿಂದ ಗೆರೆ ಎಳೆದು ನೋಡಿದೆ. ಕಾಲಿನದು ಕೈಯದರ ಅರ್ಧದಷ್ಟು ಬೆಳೆದಿದ್ದರೆ ಹೆಚ್ಚು.

ಅಪೀಲಿನಲ್ಲಿ ಹೊಸ ಸಾಕ್ಷ್ಯ ಸೇರಿಸಲು ಸಿಆರ್‌ಪಿಸಿ 391ರಲ್ಲಿ ಹಾಕಿದ ಅರ್ಜಿ ಒಮ್ಮೆ ವಜಾ ಆಯ್ತು. ಫೋಟೋಗೆ 65ಬಿ ಸರ್ಟಿಫಿಕೇಟ್ (ಎಲೆಕ್ಟ್ರಾನಿಕ್ ದಾಖಲೆಗೆ ಆಗಿನ ಸಾಕ್ಷ್ಯ ಕಾಯ್ದೆ ಕೇಳುತ್ತಿದ್ದ ಪ್ರಮಾಣಪತ್ರ) ಇಟ್ಟಿರಲಿಲ್ಲ, ತಪ್ಪು ನನ್ನದೇ. ಎರಡನೇ ಸಲ ಚರ್ಮದ ಡಾಕ್ಟರನ್ನೇ ಸಾಕ್ಷಿ ಮಾಡಿದೆ. ದಿನಾಂಕ ಹೇಳಲ್ಲ, ಆ ವಾರದ ಆಚೀಚೆ ಅಂದರು. ಕ್ಲಿನಿಕ್ ಚೀಟಿಯ ಜೊತೆ ಅಷ್ಟು ಸಾಕಿತ್ತು. ಅವರಿಗೆ ಮೊದಲು ಕೇಳಿದ ಪ್ರಶ್ನೆ ಯಾವುದು ಅಂತ ಮಾತ್ರ ಇಲ್ಲಿ ಬರೆಯಲ್ಲ, ಮುಂದೆಯೂ ಬೇಕಾಗುತ್ತದೆ.

ಇನ್ನೊಂದು ಆಸರೆ ಮ್ಯಾಜಿಸ್ಟ್ರೇಟ್ ಕೋರ್ಟಿನ ಆರ್ಡರ್ ಶೀಟಿನಲ್ಲೇ (ಆ ದಿನದ ಕಲಾಪದ ದಾಖಲೆ) ಇತ್ತು. 345ರಲ್ಲಿ ಅಡ್ಡಿ ಎಂಥದ್ದು ಅಂತ ಬರೆಯಲೇಬೇಕಿತ್ತು. "ಬಾಗಿಲ ಬಳಿ ನಿಂತು ಕೂಗಿದ" ಅಂತ ಬರೆದಿದ್ದರು, ಬಾಗಿಲಿಗೆ ಬೆರಳು ಸಿಕ್ಕಿತು ಅನ್ನುವ ಮಾತಿಗೆ ಅದು ಹೊಂದಿತು.

ಖರ್ಚು ಹದಿನಾಲ್ಕು ಸಾವಿರದ ಹತ್ತಿರ, ಆರು ಸಾವಿರ ನನ್ನ ಕೈಯಿಂದ. ಫೀಸು ಕೇಳಲಿಲ್ಲ. ಅಪೀಲು ಕೇಳಿದ ಸೆಷನ್ಸ್ ಕೋರ್ಟಿನಲ್ಲಿ ಶಿಕ್ಷೆ ರದ್ದಾಯಿತು, 200 ರೂಪಾಯಿ ವಾಪಸ್ ಕೊಡಲು ಆದೇಶವಾಯಿತು. ಅಷ್ಟರಲ್ಲಿ ಕಲೆ ಉಗುರಿನ ತುದಿ ಮುಟ್ಟಿತ್ತು.