ಲ್ಯಾಟಿನ್‌ನ ಬಿತ್ತನೆ ಪದಗಳಲ್ಲಿ ವಂಶವನ್ನು ಗುರುತಿಸುವುದು ಹೇಗೆ

ನಿಘಂಟಿನಲ್ಲಿ ‘ಸೆರೋ’ ಹುಡುಕಿದರೆ ಎರಡು ಕ್ರಿಯಾಪದ ಸಿಗುತ್ತವೆ. ಒಂದೇ ರೂಪ ಬರೆದುಕೊಂಡು ಸುಮ್ಮನಾಗಬೇಡಿ, ನಿಘಂಟು ಪ್ರತಿ ಕ್ರಿಯಾಪದಕ್ಕೂ ಕೊಡುವ ನಾಲ್ಕು ರೂಪಗಳನ್ನೂ ಬರೆಯಿರಿ. ಸೆರೋ, ಸೆರೆರೆ, ಸೇವೀ, ಸತುಮ್ ಎಂದರೆ ಬಿತ್ತು, ನೆಡು. ಸೆರೋ, ಸೆರೆರೆ, ಸೆರುಯೀ, ಸೆರ್ತುಮ್ ಎಂದರೆ ಪೋಣಿಸು. ವಂಶದ ಅರ್ಥ ಚಿಗುರುವುದು ಮೊದಲನೆಯದರಿಂದ. ‘ತಡವಾಗಿ’ ಎಂಬ ಅರ್ಥದ ಸೇರೋ ಬೇರೆಯೇ ಪದ. ರೋಮನ್ ಲಿಪಿಯಲ್ಲಿ ದೀರ್ಘದ ಗೆರೆ ಬಿಟ್ಟರೆ ಎರಡೂ ಒಂದೇ ಥರ ಕಾಣುತ್ತವೆ. ಟಿಪ್ಪಣಿ ಕನ್ನಡ ಲಿಪಿಯಲ್ಲಿದ್ದರೆ ಈ ಪೀಕಲಾಟವಿಲ್ಲ.

ಆಮೇಲೆ ‘ಸತುಸ್’, ಅಂದರೆ ಬಿತ್ತಲ್ಪಟ್ಟ. ಅದು ಯಾವ ನಾಮಪದಕ್ಕೆ ಅಂಟಿದೆ ನೋಡಿ. ಹೊಲಕ್ಕೋ ಕಾಳಿಗೋ ಆದರೆ ಬಿತ್ತನೆಯೇ. ಮನುಷ್ಯನಿಗೆ ಅಂಟಿದ್ದು, ಪಕ್ಕದಲ್ಲಿ ಪಂಚಮೀ ವಿಭಕ್ತಿಯ ಹೆಸರಿದ್ದರೆ ‘ಇಂಥವನ ಮಗ’. ರೋಮನ್ ಕವಿ ವರ್ಜಿಲ್‌ನ ಮಹಾಕಾವ್ಯ ‘ಈನಿಯಡ್’ 6ನೇ ಸರ್ಗದ 125ನೇ ಸಾಲಿನಲ್ಲಿ ‘ಸತೆ ಸಂಗ್ವಿನೆ ದೀವುಮ್’ ಎಂದಿದೆ. ಸತೆ ಸಂಬೋಧನೆ, ಸಂಗ್ವಿನೆ ಪಂಚಮಿ, ದೀವುಮ್ ಷಷ್ಠಿ ಬಹುವಚನ: ದೇವತೆಗಳ ರಕ್ತದಲ್ಲಿ ಹುಟ್ಟಿದವನೇ. ಇಲ್ಲಿ ‘ಬಿತ್ತಿದ’ ಎಂದು ಅನುವಾದಿಸಿದರೆ ಕನ್ನಡ ಕೆಡುತ್ತದೆ.

ಹೆಚ್ಚಿನವರು ಎಡವುವುದು ‘ಸತ’ದಲ್ಲಿ. ನಪುಂಸಕ ಬಹುವಚನವಾದರೆ ಅದು ಹೊಲದಲ್ಲಿ ನಿಂತ ಪೈರು. ಸ್ತ್ರೀಲಿಂಗ ಏಕವಚನವಾದರೆ ಮಗಳು. ಇನ್ನೊಬ್ಬ ರೋಮನ್ ಕವಿ ಓವಿಡ್‌ನ ‘ಸತ ತೀರೆಸಿಯಾ’ ಎಂದರೆ ಗ್ರೀಕ್ ಪುರಾಣದ ಕಣಿಗಾರ ತೀರೆಸಿಯಸನ ಮಗಳು ಮಾಂತೋ. ಪೈರು ಅಂದುಕೊಂಡರೆ ವಾಕ್ಯದ ಕರ್ತೃವೇ ಕಳೆದುಹೋಗುತ್ತದೆ. ವಾಕ್ಯದ ಕ್ರಿಯಾಪದ ಏಕವಚನವೋ ಬಹುವಚನವೋ ಎಂದು ನೋಡಿ ತೀರ್ಮಾನಿಸಿ.

‘ಸತೊರ್’ ಸುಲಭ: ಬಿತ್ತುವವ, ಕಾವ್ಯದಲ್ಲಿ ತಂದೆ. ‘ಸೇಮೆನ್’ಗೆ ನಮ್ಮ ಬೀಜವೇ ಸಾಕು.

‘ಪ್ರೊಪಾಗೋ’ಗೆ ಮಾತ್ರ ಬೀಜ ತರಬೇಡಿ, ಅದು ದ್ರಾಕ್ಷಿ ತೋಟದ ಪದ. ಬಳ್ಳಿಯ ಎಳೆ ಕವಲನ್ನು ಕತ್ತರಿಸದೆ ನೆಲಕ್ಕೆ ಬಗ್ಗಿಸಿ ಮಣ್ಣು ಮುಚ್ಚುತ್ತಾರೆ. ಬೇರು ಬಿಟ್ಟ ಮೇಲಷ್ಟೇ ತಾಯಿಬಳ್ಳಿಯಿಂದ ಬೇರ್ಪಡಿಸುತ್ತಾರೆ. ಸಂತಾನ ಎಂಬ ಅರ್ಥ ಬಂದದ್ದು ಅಲ್ಲಿಂದ. ಚಿಕ್ಕಬಳ್ಳಾಪುರದ ತೋಟಗಳಲ್ಲಿ ಡಾಗ್‌ರಿಡ್ಜ್ ಎಂಬ ಬೇರುಗಿಡದ ಮೇಲೆ ಬೇರೆ ತಳಿಯ ಕಡ್ಡಿ ಕೂರಿಸುವುದು ಕಸಿ, ಅದು ಪ್ರೊಪಾಗೋ ಅಲ್ಲ. ಅದಕ್ಕೆ ಲ್ಯಾಟಿನ್‌ನಲ್ಲಿ ‘ಇನ್ಸೆರೋ’ ಇದೆ, ‘ಇನ್ಸಿತುಸ್’ ಅದರ ಕೃದಂತ. ಹಾಗಾಗಿ ಪ್ರೊಪಾಗೋಗೆ ‘ಕುಡಿ’ ಒಪ್ಪುತ್ತದೆ. ‘ವಂಶದ ಕುಡಿ’ ಎನ್ನುವವರು ನಾವೇ ತಾನೆ.

‘ಸ್ತಿರ್ಪ್ಸ್’ ಬುಡ, ಕಾಂಡ. ಮನೆತನದ ವಿಷಯದಲ್ಲಿ ಒಂದು ಕುಲದ ಕವಲು. ತುಮಕೂರು ಕಡೆಯವರಿಗೆ ಥಟ್ಟನೆ ‘ಬೆಡಗು’ ನೆನಪಾಗಬಹುದು, ಆದರೆ ಬೆಡಗು ಹೆಣ್ಣು–ಗಂಡು ತರುವಾಗ ನೋಡುವ ಲೆಕ್ಕ. ‘ಕವಲು’ ಎಂದೇ ಬರೆಯಿರಿ. ಸಾಮಾನ್ಯವಾಗಿ ಇದು ಸ್ತ್ರೀಲಿಂಗ. ವರ್ಜಿಲ್ ಮರದ ಬುಡದ ಅರ್ಥದಲ್ಲಿ ಪುಲ್ಲಿಂಗವಾಗಿಯೂ ಬಳಸಿದ್ದಾನೆ, ಆದ್ದರಿಂದ ವಿಶೇಷಣ ಪುಲ್ಲಿಂಗದಲ್ಲಿ ಕಂಡರೆ ಮೊದಲು ಮರವನ್ನೇ ಹುಡುಕಿ.