ನಾಲ್ಕನೇ ಸ್ಟೇಜಿನವರ ಜೊತೆ ಡಾಕ್ಟರ ಕೋಣೆಗೆ

ಸ್ತನ ಕ್ಯಾನ್ಸರ್ ಮೂಳೆಗೋ ಲಿವರ್‌ಗೋ ಹರಡಿರುವ ಹೆಂಗಸರ ಜೊತೆ ನಾನು ಬೆಂಗಳೂರಿನಲ್ಲಿ ಆಸ್ಪತ್ರೆಗೆ ಹೋಗುತ್ತೇನೆ. ಇವರಿಗೆ 'ಇಷ್ಟು ಕೀಮೋ ಆದರೆ ಮುಗೀತು' ಅನ್ನುವ ಮಾತಿಲ್ಲ. ಒಂದು ಔಷಧಿ ಕೆಲಸ ಮಾಡುವಷ್ಟು ದಿನ ಅದು, ಆಮೇಲೆ ಬೇರೆಯದು. ಹಾಗೇ ವರ್ಷಗಟ್ಟಲೆ ಬದುಕುವವರೂ ಇದ್ದಾರೆ. ಅದಕ್ಕೇ ಧೈರ್ಯ ಹೇಳುವ ಮೊದಲು ನಾನು ಫೈಲು ಸರಿ ಮಾಡುತ್ತೇನೆ.

ಎಲ್ಲದರ ಮೇಲೆ ಒಂದು ಹಾಳೆ ಇಡುತ್ತೇನೆ. ಯಾವ ಔಷಧಿ ಹಿಡಿಯಬಹುದು ಅಂತ ತಿಳಿಸುವ, ಗಡ್ಡೆಯ ತುಣುಕಿನ ಪರೀಕ್ಷೆಗಳಾದ ಇಆರ್, ಪಿಆರ್, ಹರ್-2 ಏನು ಬಂತು, ಎಲ್ಲೆಲ್ಲಿ ಹರಡಿದೆ, ಯಾವ ಔಷಧಿ ಯಾವಾಗ ಶುರುವಾಯಿತು, ಯಾಕೆ ನಿಂತಿತು. ಹರಡಿದ ಜಾಗದಲ್ಲಿ ಈ ರಿಪೋರ್ಟು ಮೊದಲಿನಂತೆಯೇ ಇರುತ್ತದೆ ಅಂತೇನಿಲ್ಲ. 'ಮತ್ತೆ ಬಯಾಪ್ಸಿ ಬೇಕಾ?' ಅನ್ನುವ ಪ್ರಶ್ನೆಯೂ ಹಾಳೆಯ ಕೊನೆಯಲ್ಲಿರುತ್ತದೆ.

ಕೋಲಾರದ ಕಡೆಯ ಒಬ್ಬ ತಾಯಿ ಇದ್ದರು. ಡಾಕ್ಟರು ಹೇಗಿದ್ದೀರಿ ಅಂದರೆ ಮಗ ಹೇಳುತ್ತಿದ್ದ, 'ಆರಾಮಾಗಿದ್ದಾರೆ ಮೇಡಂ.' ಹೊರಗೆ ಬೆಂಚಿನ ಮೇಲೆ ಅವರು ಬೆನ್ನಿನ ನಡುವೆ ಬೆರಳಿಟ್ಟು ತೋರಿಸಿದರು. 'ರಾತ್ರಿ ಮಗ್ಗುಲು ಬದಲಿಸೋಕಾಗಲ್ಲಮ್ಮ.' ಅವರ ಮಾತನ್ನೇ ಚೀಟಿಯಲ್ಲಿ ಬರೆದೆ. ಮುಂದಿನ ಸಲ ಡಾಕ್ಟರ ಕೈಗೆ ಅವರೇ ಕೊಟ್ಟರು. ಡಾಕ್ಟರು ಅದೇ ಜಾಗ ಒತ್ತಿ ನೋಡಿ ಎಂಆರ್‌ಐ ಬರೆದರು. ಆ ಮೂಳೆಗೆ ರೇಡಿಯೇಶನ್ ಆಯಿತು, ನೋವಿಗೆ ಮಾರ್ಫಿನ್ ಮಾತ್ರೆ ಸಿಕ್ಕಿತು, ನಿದ್ದೆ ಬಂತು. ಮಗನದು ಪ್ರೀತಿಯೇ. ಆದರೆ ನೋವು ಅವರದು ಅಲ್ವಾ?

'ಅಮ್ಮನಿಗೆ ಏನೂ ಹೇಳಬೇಡಿ' ಅನ್ನುವ ಮನೆಗಳು ಜಾಸ್ತಿ. ನಾನು ಆ ಅಮ್ಮನನ್ನೇ ಕೇಳುತ್ತೇನೆ: 'ಡಾಕ್ಟ್ರು ಹೇಳೋದನ್ನ ನೀವೇ ಕೇಳ್ತೀರಾ, ಮಗ ಕೇಳಿದರೆ ಸಾಕಾ?' ಅವರು ಏನೇ ಹೇಳಲಿ, ಹಾಗೇ ನಡೆದುಕೊಳ್ಳುತ್ತೇನೆ.

ಮನೆಯವರಿಗೆ ಎರಡು ಮಾತು ಬಿಡದೆ ಹೇಳುತ್ತೇನೆ. ಬೆನ್ನು ನೋವಿನ ಜೊತೆ ಕಾಲಿನ ಶಕ್ತಿ ಹೋದರೆ, ಮೂತ್ರ ಕಟ್ಟಿದರೆ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ, ಅವತ್ತೇ ಹೊರಡಿ. ಬೆನ್ನುಹುರಿ ಒತ್ತಿಕೊಂಡಿದ್ದರೆ ತಡವಾದಷ್ಟೂ ಕಾಲು ಮರಳುವುದು ಕಷ್ಟ. ಮೂಳೆಗೆ ಜೋಲೆಡ್ರೋನಿಕ್ ಇಂಜೆಕ್ಷನ್ ಶುರು ಮಾಡುವ ಮುಂಚೆ ಹಲ್ಲು ತೋರಿಸಿ. ಆಮೇಲೆ ಹಲ್ಲು ಕೀಳಿಸಿದರೆ ದವಡೆಯ ಮೂಳೆ ಕೆಡಬಹುದು.

ದುಡ್ಡಿನ ಮಾತು ಡಾಕ್ಟರ ಕೋಣೆಯೊಳಗೇ ಬಗೆಹರಿಯುವುದಿಲ್ಲ. 2022ರಲ್ಲಿ ಕೇರಳದ ಒಬ್ಬ ರೋಗಿ ಸ್ತನ ಕ್ಯಾನ್ಸರ್‌ಗೆ ಕೊಡುವ ರೈಬೋಸಿಕ್ಲಿಬ್ ಮಾತ್ರೆಯ ಬೆಲೆ ಕೈಗೆಟುಕದೆ ಹೈಕೋರ್ಟಿಗೆ ಹೋದರು. ಪೇಟೆಂಟ್ ಇದ್ದರೂ ಬೇರೆ ಕಂಪನಿಗಳಿಗೆ ತಯಾರಿಸಲು ಬಿಡಿ ಅನ್ನುವುದು ಅವರ ಬೇಡಿಕೆ. ಕೇಸು ಮುಗಿಯುವ ಮೊದಲೇ ಅವರು ತೀರಿಕೊಂಡರು. ಕೋರ್ಟು ಕೇಸನ್ನು ತಾನೇ ಮುಂದುವರಿಸಿತು. ಅದೇ ಗುಂಪಿನ ಪಾಲ್ಬೊಸಿಕ್ಲಿಬ್ ಪೇಟೆಂಟ್ 2023ರ ಜನವರಿಯಲ್ಲಿ ಮುಗಿದಾಗ ನಮ್ಮ ದೇಶದ ಹಲವು ಕಂಪನಿಗಳು ಅದನ್ನು ತಯಾರಿಸಿದವು, ಬೆಲೆ ಬಹಳ ಇಳಿಯಿತು. ಹಾಗಾಗಿ ದುಬಾರಿ ಮಾತ್ರೆ ಬರೆದ ದಿನವೇ ಡಾಕ್ಟರನ್ನು ಕೇಳಿಸುತ್ತೇನೆ: ಇದರ ಜೆನೆರಿಕ್, ಅಂದರೆ ಬೇರೆ ಕಂಪನಿ ಮಾಡಿದ ಇದೇ ಔಷಧಿ, ಇದೆಯಾ, ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸಿಗುತ್ತದಾ? ಒಡವೆ ಅಡ ಇಟ್ಟ ಮೇಲೆ ಕೇಳಿದರೆ ಏನು ಬಂತು?